ಇದಕ್ಕೆ ದುಡ್ಡು ಎಲ್ಲಿ ಕೊಡ್ಬೇಕು?

ಎಲೆಕ್ಟ್ರಿಕ್ ಕಾರಿನ ಬಗ್ಗೆ ಮಾತು ಶುರುವಾದ್ರೆ ಸಾಕು, ಎಲ್ಲರೂ ಮೊದಲು ಕೇಳೋದು ಒಂದೇ ಪ್ರಶ್ನೆ: "ಫುಲ್ ಚಾರ್ಜ್‌ಗೆ ಎಷ್ಟು ಓಡುತ್ತೆ?" ಹಾಸ್ಟೆಲ್‌ನಲ್ಲೂ ಇದೇ ಪ್ರಶ್ನೆ, ಮದುವೆ ಮನೆಯಲ್ಲೂ ಇದೇ ಪ್ರಶ್ನೆ. ಹೋದ ತಿಂಗಳು ಒಂದು ಎಲೆಕ್ಟ್ರಿಕ್ ಎಸ್‌ಯುವಿಯಲ್ಲಿ ನೆಲಮಂಗಲದಿಂದ ಮಂಗಳೂರಿಗೆ ಹೋಗಿ ಬಂದ ಮೇಲೆ ನಮಗೆ ಅನ್ನಿಸಿದ್ದು, ಈ ಪ್ರಶ್ನೆಗೆ ಉತ್ತರ ಈಗಾಗಲೇ ಸಿಕ್ಕಿದೆ ಅಂತ. ಗಾಡಿ ಚೆನ್ನಾಗೇ ಓಡುತ್ತೆ. ಉತ್ತರ ಸಿಗದ ಪ್ರಶ್ನೆ ಬೇರೆ ಇದೆ: ದಾರಿ ಮಧ್ಯೆ ಅದನ್ನ ಚಾರ್ಜ್ ಮಾಡೋಕೆ ಯಾರಿಗೆ ಆಗುತ್ತೆ, ಯಾರಿಗೆ ಆಗಲ್ಲ?

ನಾವು ಅಂದ್ರೆ ಮೂರು ಜನ. ಇಬ್ಬರು ಎಲೆಕ್ಟ್ರಿಕಲ್, ಒಬ್ಬ ಮೆಕ್ಯಾನಿಕಲ್, ಎಲ್ಲರೂ ಸೆಕೆಂಡ್ ಇಯರ್. ಕಾರು ನಮ್ಮಲ್ಲೊಬ್ಬನ ಸೋದರಮಾವನದು. ಟಾಟಾ ನೆಕ್ಸಾನ್ ಇವಿ, 45 ಕಿಲೋವ್ಯಾಟ್-ಅವರ್ ಬ್ಯಾಟರಿ ಇರೋದು. ಮಾವ (ನಾವು ಮೂವರೂ ಹಾಗೇ ಕರೆಯೋದು) ನೆಲಮಂಗಲದಲ್ಲಿ ಹಾರ್ಡ್‌ವೇರ್ ಅಂಗಡಿ ನಡೆಸ್ತಾರೆ. ಓದಿದ್ದು ಕನ್ನಡ ಮೀಡಿಯಂನಲ್ಲಿ ಎಸ್ಸೆಸ್ಸೆಲ್ಸಿವರೆಗೆ. ಮೋಟಾರು, ಪಂಪು, ವೈರಿಂಗ್ ವಿಷಯದಲ್ಲಿ ನಮಗಿಂತ ಜಾಸ್ತಿ ಗೊತ್ತು. ಮಂಗಳೂರಿನಲ್ಲಿ ನೆಂಟರ ಮದುವೆ ಇತ್ತು. "ಬನ್ರೋ, ಲೈಸೆನ್ಸ್ ಇರೋರು ಸ್ವಲ್ಪ ಸ್ವಲ್ಪ ಓಡಿಸಿ" ಅಂತ ಕರೆದ್ರು. ಇಂಥಾ ಅವಕಾಶ ಯಾರು ಬಿಡ್ತಾರೆ?

ಮೊದಲು ಓಡಿಸೋದರ ಬಗ್ಗೆ ಹೇಳಿಬಿಡ್ತೀವಿ. ಕ್ಲಚ್ ಇಲ್ಲ, ಗೇರ್ ಹಾಕೋದಿಲ್ಲ, ಸ್ಟಾರ್ಟ್ ಆಗಿದೆಯೋ ಇಲ್ಲವೋ ಅಂತ ಶಬ್ದದಿಂದ ಗೊತ್ತೇ ಆಗಲ್ಲ. ಕಾಲು ಒತ್ತಿದ ತಕ್ಷಣ ಗಾಡಿ ಮುಂದಕ್ಕೆ ಹಾರುತ್ತೆ. ಪೆಟ್ರೋಲ್ ಇಂಜಿನ್ ಒಂದಷ್ಟು ಸ್ಪೀಡಲ್ಲಿ ತಿರುಗಿದ ಮೇಲೆ ತಾನೆ ಅದರ ಪೂರ್ತಿ ಎಳೆತ ಬರೋದು? ಮೋಟಾರಿಗೆ ಅದು ನಿಂತ ಜಾಗದಿಂದಲೇ ಇರುತ್ತೆ. ಇದನ್ನ ಕ್ಲಾಸಲ್ಲಿ ಗ್ರಾಫ್ ಆಗಿ ಬರೆದಿದ್ದೆವು. ಕುಣಿಗಲ್ ಹತ್ತಿರ ಲಾರಿ ಓವರ್‌ಟೇಕ್ ಮಾಡುವಾಗ ಅದೇ ಗ್ರಾಫ್ ಬೆನ್ನಿಗೆ ತಾಗಿತು. ಬ್ಯಾಟರಿ ನೆಲದಡಿ ಇರೋದರಿಂದ ಎತ್ತರದ ಗಾಡಿಯಾದ್ರೂ ತಿರುವಿನಲ್ಲಿ ಹೆಚ್ಚು ವಾಲೋದಿಲ್ಲ.

ಇನ್ನು ಲೆಕ್ಕ. ಕಿಲೋವ್ಯಾಟ್-ಅವರ್ ಅಂದ್ರೆ ಹೆದರಬೇಕಿಲ್ಲ, ಅದು ನಮ್ಮ ಮನೆ ಕರೆಂಟ್ ಬಿಲ್‌ನಲ್ಲಿರೋ ಯೂನಿಟ್ಟೇ. 45 ಯೂನಿಟ್ ಹಿಡಿಯೋ ಬ್ಯಾಟರಿ. ಕಂಪನಿ ಲ್ಯಾಬ್ ಟೆಸ್ಟ್ ಪ್ರಕಾರ ಹೇಳೋದು 489 ಕಿಲೋಮೀಟರ್. ಎಸಿ ಹಾಕಿಕೊಂಡು, ನಾಲ್ಕು ಜನ ಕೂತು, ಹೈವೇ ಸ್ಪೀಡಲ್ಲಿ ಹೋದ್ರೆ ನಮಗೆ ಸಿಕ್ಕಿದ್ದು ಯೂನಿಟ್‌ಗೆ ಸುಮಾರು 7 ಕಿಲೋಮೀಟರ್. ಅಂದ್ರೆ ಫುಲ್ ಚಾರ್ಜ್‌ಗೆ 315ರ ಆಸುಪಾಸು. ಲ್ಯಾಬ್ ಲೆಕ್ಕಕ್ಕೂ ರೋಡಿನ ಲೆಕ್ಕಕ್ಕೂ ಇಷ್ಟು ವ್ಯತ್ಯಾಸ ಇದೆ ಅಂತ ಗೊತ್ತಿಟ್ಟುಕೊಂಡು ಹೊರಟರೆ ಭಯ ಪಡೋ ಅಗತ್ಯ ಇಲ್ಲ.

ಶಿರಾಡಿ ಘಾಟಿಯಲ್ಲಿ ಇಳಿದದ್ದಂತೂ ನಮ್ಮ ಫಿಸಿಕ್ಸ್ ಲ್ಯಾಬ್‌ಗಿಂತ ಚೆನ್ನಾಗಿತ್ತು. ಇಳಿಜಾರಿನಲ್ಲಿ ಕಾಲು ತೆಗೆದ್ರೆ ಮೋಟಾರೇ ಜನರೇಟರ್ ಆಗಿ ಗಾಡಿಯನ್ನ ಹಿಡಿಯುತ್ತೆ, ಕರೆಂಟನ್ನ ವಾಪಸ್ ಬ್ಯಾಟರಿಗೆ ಕಳಿಸುತ್ತೆ. ಗಾಡಿ ಮತ್ತು ಜನ ಸೇರಿ 1800 ಕೆ.ಜಿ., ಇಳಿಯೋ ಎತ್ತರ ಲೆಕ್ಕಕ್ಕೆ 700 ಮೀಟರ್ ಅಂತ ಇಟ್ಕೊಳ್ಳಿ. ಎಮ್‌ಜಿಎಚ್ ಹಾಕಿದ್ರೆ ಸುಮಾರು ಮೂರೂವರೆ ಯೂನಿಟ್. ಟೈರು, ಗಾಳಿ, ಮೋಟಾರು ತಮ್ಮ ಪಾಲು ತಗೊಂಡ ಮೇಲೂ ಒಂದು ಯೂನಿಟ್‌ನಷ್ಟು ವಾಪಸ್ ಬಂತು. ಘಾಟಿ ಇಳಿದಾಗ ಬ್ಯಾಟರಿ ಪರ್ಸೆಂಟ್ ಎರಡು ಏರಿತ್ತು! ಬರುವಾಗ ಹತ್ತೋದಕ್ಕೆ ಅದನ್ನ ಬಡ್ಡಿ ಸಮೇತ ಕಟ್ಟಬೇಕಾಯ್ತು, ಅದು ಬೇರೆ ಮಾತು.

ಮನೆಯಲ್ಲಿ ಚಾರ್ಜ್ ಮಾಡೋದೂ ಸುಲಭ. ಗೀಸರ್ ಹಾಕೋ ದೊಡ್ಡ ಪ್ಲಗ್ಗಿಗೆ ಹಾಕಿದ್ರೆ ಗಂಟೆಗೆ ಸುಮಾರು ಮೂರು ಯೂನಿಟ್ ತುಂಬುತ್ತೆ. ರಾತ್ರಿ ಹತ್ತು ಗಂಟೆ ಹಾಕಿಟ್ರೆ ಬೆಳಿಗ್ಗೆ 200 ಕಿಲೋಮೀಟರಿಗೆ ಆಗುವಷ್ಟು. ಯೂನಿಟ್‌ಗೆ ಆರು ರೂಪಾಯಿ ಆಸುಪಾಸು ಅಂದ್ರೆ ಕಿಲೋಮೀಟರಿಗೆ ಒಂದು ರೂಪಾಯಿಯೂ ಆಗಲ್ಲ. ಗೃಹಜ್ಯೋತಿ ಇರೋ ಮನೆಯವರು ಮಾತ್ರ ಹುಷಾರಾಗಿರಬೇಕು, ತಿಂಗಳಿಗೆ 200 ಯೂನಿಟ್ ದಾಟಿದ್ರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತೆ. ಮಾವನಿಗೆ ಸ್ವಂತ ಮನೆ, ಸ್ವಂತ ಶೆಡ್ಡು. ಹಾಗಾಗಿ ಊರೊಳಗೆ ಓಡಾಡೋಕೆ ಅವರಿಗೆ ಯಾರ ಹಂಗೂ ಇಲ್ಲ. ಬಾಡಿಗೆ ಮನೆಯಲ್ಲಿದ್ದು ಗಾಡಿಯನ್ನ ರಸ್ತೆಯಲ್ಲಿ ನಿಲ್ಲಿಸೋರಿಗೆ ಈ ಸುಖ ಇಲ್ಲ. ಅವರಿಗೆ ದಿನಾ ಹೊರಗಡೆ ಚಾರ್ಜರ್ರೇ ಗತಿ.

ಆ ಹೊರಗಡೆ ಚಾರ್ಜರ್ ಹೇಗಿದೆ ಅಂತ ಹಾಸನದ ಹತ್ತಿರ ನೋಡಿದೆವು.

ಒಂದು ಹೋಟೆಲ್ಲಿನ ಅಂಗಳದ ಮೂಲೆಯಲ್ಲಿ ಚಾರ್ಜರ್ ಇತ್ತು. ಬ್ಯಾಟರಿ 50 ಪರ್ಸೆಂಟ್ ಹತ್ತಿರ ಬಂದಿತ್ತು. ಎರಡು ಗನ್, ಅದರಲ್ಲಿ ಒಂದು ಕೆಟ್ಟಿತ್ತು. ಮೇಲೆ ನೆರಳಿಲ್ಲ. ಸ್ಕ್ರೀನ್ ಪೂರ್ತಿ ಇಂಗ್ಲಿಷ್. ದುಡ್ಡು ಕೊಡೋಕೆ ಆ ಕಂಪನಿಯ ಆ್ಯಪ್ ಬೇಕು. ಅದನ್ನ ಡೌನ್‌ಲೋಡ್ ಮಾಡೋಕೆ ನೆಟ್‌ವರ್ಕ್ ಬೇಕು, ಅದಕ್ಕೆ ರಸ್ತೆವರೆಗೆ ನಡೆದುಕೊಂಡು ಹೋಗಬೇಕು. ಆಮೇಲೆ ಓಟಿಪಿ, ಇಮೇಲ್ ಐಡಿ, ಗಾಡಿ ಮಾಡೆಲ್, ವ್ಯಾಲೆಟ್‌ಗೆ ಕನಿಷ್ಠ 500 ರೂಪಾಯಿ. ಎಲ್ಲಾ ಆದ ಮೇಲೆ ಗನ್ ಸಿಕ್ಕಿಸಿದ್ರೆ ಎರಡು ಸಲ ಎರರ್. ಸಹಾಯವಾಣಿಗೆ ಫೋನ್ ಮಾಡಿದ್ರೆ ಇಂಗ್ಲಿಷ್‌ಗೆ ಒಂದು ಒತ್ತಿ, ಹಿಂದಿಗೆ ಎರಡು ಒತ್ತಿ. ಮೂರನೇ ಸಲಕ್ಕೆ ಚಾರ್ಜ್ ಆಗೋಕೆ ಶುರುವಾಯ್ತು. 85 ಪರ್ಸೆಂಟ್‌ವರೆಗೆ ಚಾರ್ಜ್ ಆಗೋಕೆ ತಗೊಂಡದ್ದು 40 ನಿಮಿಷ. ಚಾರ್ಜ್ ಶುರು ಮಾಡೋಕೆ ತಗೊಂಡದ್ದು 25 ನಿಮಿಷ. ಮೊದಲನೆಯದು ಕೆಮಿಸ್ಟ್ರಿ, ಅದನ್ನ ಒಪ್ಪಿಕೊಳ್ಳೋಣ. ಎರಡನೆಯದು ಏನು?

ಆ 25 ನಿಮಿಷವೂ ಮಾವ ಪಕ್ಕದಲ್ಲಿ ಸುಮ್ಮನೆ ನಿಂತಿದ್ರು. ಅಂಗಡಿಯಲ್ಲಿ ಹತ್ತು ಜನ ಗಿರಾಕಿಗಳನ್ನ ಒಟ್ಟಿಗೆ ಸಂಭಾಳಿಸೋ ಮನುಷ್ಯ, ತಮ್ಮದೇ ಕಾರಿನ ಮುಂದೆ ನೆಂಟರ ಥರ ನಿಂತಿದ್ರು. ಅಷ್ಟರಲ್ಲಿ ಹಸಿರು ನಂಬರ್ ಪ್ಲೇಟ್ ನೋಡಿ ಟೀ ಕುಡೀತಾ ಇದ್ದ ಒಬ್ಬ ಟ್ಯಾಕ್ಸಿ ಡ್ರೈವರ್ ಹತ್ತಿರ ಬಂದ್ರು. ಅವರೂ ಎಲೆಕ್ಟ್ರಿಕ್ ಗಾಡಿ ತಗೊಳ್ಳೋ ಯೋಚನೆಯಲ್ಲಿದ್ರಂತೆ. ಸುತ್ತ ಒಂದು ಸಲ ನೋಡಿ, "ಅಣ್ಣ, ಇದಕ್ಕೆ ದುಡ್ಡು ಎಲ್ಲಿ ಕೊಡ್ಬೇಕು?" ಅಂದ್ರು. ಮಾವ ನಮ್ಮ ಕೈಲಿದ್ದ ಫೋನ್ ತೋರಿಸಿ, "ಇದರಲ್ಲಂತೆ ಕಣಪ್ಪ" ಅಂದ್ರು. ಕಾರಿನ ಓನರ್ರೇ "ಅಂತೆ" ಅಂದ್ರೆ ಕೇಳಿದವರು ಏನು ಅಂದುಕೊಳ್ಳಬೇಕು? ಆ ಡ್ರೈವರ್ ಬ್ಯಾಟರಿ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ನಮಗೆ ಇವೆಲ್ಲ ಆಗಲ್ಲ ಬಿಡಿ" ಅಂತ ಹೊರಟ್ರು.

ನಮ್ಮ ಮಾತು ಇರೋದು ಇಲ್ಲಿ. ಆ ಡ್ರೈವರ್ ಬೇಡ ಅಂದಿದ್ದು ಕಾರನ್ನಲ್ಲ, ಆ ಸ್ಕ್ರೀನನ್ನ.

ಪೆಟ್ರೋಲ್ ಬಂಕ್ ನೆನೆಸಿಕೊಳ್ಳಿ. "ಝೀರೋ ನೋಡಿ ಸರ್" ಅಂತಾರೆ, ಹಾಕ್ತಾರೆ, ದುಡ್ಡು ತಗೋತಾರೆ. ನೋಟು ಕೊಟ್ರೂ ಸರಿ, ಕ್ಯೂಆರ್ ಸ್ಕ್ಯಾನ್ ಮಾಡಿದ್ರೂ ಸರಿ. ನಿಮ್ಮ ಹೆಸರೇನು, ಇಮೇಲ್ ಏನು, ಇಂಗ್ಲಿಷ್ ಬರುತ್ತಾ ಅಂತ ಯಾವ ಬಂಕಿನವರೂ ಕೇಳಿಲ್ಲ. ಗಾಡಿ ಓಡಿಸೋಕೆ ಬಂದ್ರೆ ಪೆಟ್ರೋಲ್ ಹಾಕಿಸೋಕೂ ಬರುತ್ತೆ. ಎಲೆಕ್ಟ್ರಿಕ್ ಗಾಡಿಯಲ್ಲಿ ಇದು ಉಲ್ಟಾ ಆಗಿದೆ. ಓಡಿಸೋದು ಹಿಂದಿಗಿಂತ ಸುಲಭ, ತುಂಬಿಸೋದು ಹಿಂದಿಗಿಂತ ಕಷ್ಟ.

ನಮ್ಮಲ್ಲಿ ಮೂವರೂ ಇಂಗ್ಲಿಷ್ ಮೀಡಿಯಂನಲ್ಲೇ ಓದಿದವರು. ಆ ಸ್ಕ್ರೀನ್ ನಮಗೇನೂ ಅರ್ಥವಾಗದೆ ಇರಲಿಲ್ಲ. ಅದಕ್ಕೇ ಈ ಮಾತನ್ನ ನಾವೇ ಹೇಳಬೇಕು ಅನ್ನಿಸ್ತು. ಇಂಥಾ ಆ್ಯಪ್‌ಗಳನ್ನ ಬರೆಯೋರು ನಮ್ಮಂಥವರೇ, ನಾಳೆ ಬರೆಯೋರೂ ನಾವೇ. ನಮಗೆ ಕಷ್ಟ ಆಗಲಿಲ್ಲ ಅಂದ ಮಾತ್ರಕ್ಕೆ ಕಷ್ಟವೇ ಇಲ್ಲ ಅಂತ ಅಂದುಕೊಂಡುಬಿಟ್ರೆ, ಮಾಡೋ ವಸ್ತುವೂ ನಮ್ಮಂಥವರಿಗೆ ಮಾತ್ರ ಅಂತಲೇ ಆಗುತ್ತೆ.

"ಆ್ಯಪ್ ಇಲ್ಲದೆ ಟೆಕ್ನಿಕಲ್ ಆಗಿ ಆಗಲ್ಲ" ಅಂತ ನಮ್ಮ ಕ್ಲಾಸಲ್ಲೇ ಒಬ್ಬ ವಾದ ಮಾಡಿದ. ಅದು ಸರಿಯಲ್ಲ. ಫಾಸ್ಟ್ ಚಾರ್ಜಿಂಗ್‌ಗೆ ನಮ್ಮಲ್ಲಿ ಹೊಸ ಕಾರುಗಳು ಹೆಚ್ಚಾಗಿ ಬಳಸೋ ಸಿಸಿಎಸ್-2 ಗನ್‌ನಲ್ಲಿ ಕರೆಂಟಿನ ಜೊತೆ ಮಾಹಿತಿಯೂ ಹೋಗುತ್ತೆ. ಎಷ್ಟು ವೋಲ್ಟ್ ಬೇಕು, ಎಷ್ಟು ಆಂಪಿಯರ್ ತಡೆಯುತ್ತೆ, ಎಷ್ಟು ತುಂಬಿದೆ ಅನ್ನೋದನ್ನೆಲ್ಲ ಕಾರು ಮತ್ತು ಚಾರ್ಜರ್ ತಮ್ಮಲ್ಲೇ ಮಾತಾಡಿಕೊಳ್ಳುತ್ತವೆ. ಗನ್ ಸಿಕ್ಕಿಸಿದ ಕೂಡಲೇ ಗಾಡಿಯನ್ನ ಗುರುತು ಹಿಡಿದು ತಾನೇ ಬಿಲ್ ಮಾಡೋ ವ್ಯವಸ್ಥೆಗೂ ಅಂತಾರಾಷ್ಟ್ರೀಯ ಸ್ಟ್ಯಾಂಡರ್ಡ್ ಇದೆ, ಐಎಸ್‌ಒ 15118 ಅಂತ. ಚಾರ್ಜರ್ ಮತ್ತು ಸರ್ವರ್ ನಡುವೆ ಮಾತಾಡೋಕೆ ಒಸಿಪಿಪಿ ಅನ್ನೋ ಓಪನ್ ಪ್ರೋಟೋಕಾಲ್ ಇದೆ. ಹಾಗಾಗಿ ಒಂದೊಂದು ಕಂಪನಿಗೆ ಒಂದೊಂದು ಆ್ಯಪ್, ಒಂದೊಂದು ವ್ಯಾಲೆಟ್ ಅನ್ನೋದು ವ್ಯಾಪಾರದ ತೀರ್ಮಾನ, ಇಂಜಿನಿಯರಿಂಗ್‌ನ ಅನಿವಾರ್ಯತೆ ಅಲ್ಲ. ಹೋಗಿ ಬರೋದರೊಳಗೆ ಮಾವನ ಫೋನಿನಲ್ಲಿ ಮೂರು ಆ್ಯಪ್, ಮೂರರಲ್ಲೂ ನೂರಿನ್ನೂರು ಬಾಕಿ. "ಮೂರು ಬಂಕಿಗೆ ಅಡ್ವಾನ್ಸ್ ಕೊಟ್ಟಂಗಾಯ್ತು ಕಣ್ರೋ" ಅಂತ ಮಾವ ನಕ್ಕರು.

ಇನ್ನೊಂದು ವಾದ: "ಇಷ್ಟು ದುಡ್ಡು ಕೊಟ್ಟು ಕಾರು ತಗೊಳ್ಳೋರಿಗೆ ಸ್ಮಾರ್ಟ್‌ಫೋನ್, ಇಂಗ್ಲಿಷ್ ಎಲ್ಲಾ ಗೊತ್ತಿರುತ್ತೆ." ಇವತ್ತಿನ ಮಟ್ಟಿಗೆ ಬಹಳ ಜನಕ್ಕೆ ನಿಜ ಇರಬಹುದು. ಆದ್ರೆ ದುಡ್ಡಿರೋರಿಗೆಲ್ಲ ಇಂಗ್ಲಿಷ್ ಬರುತ್ತೆ ಅನ್ನೋದು ನಮ್ಮೂರುಗಳನ್ನ ನೋಡದವರ ಮಾತು. ಜೊತೆಗೆ ಕಾರು ತಗೊಳ್ಳೋರೇ ಬೇರೆ, ಓಡಿಸೋರೇ ಬೇರೆ. ಟ್ಯಾಕ್ಸಿ ಡ್ರೈವರ್ ಇದ್ದಾರೆ, ಆಫೀಸ್ ಕ್ಯಾಬ್ ಓಡಿಸೋರಿದ್ದಾರೆ, ನಾಳೆ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಳ್ಳೋರು ಬರ್ತಾರೆ. ದಿನಕ್ಕೆ ನೂರಾರು ಕಿಲೋಮೀಟರ್ ಓಡಿಸೋರಿಗೇ ಎಲೆಕ್ಟ್ರಿಕ್ ಗಾಡಿಯಿಂದ ಉಳಿತಾಯ ಜಾಸ್ತಿ. ಹೊರಗಡೆ ಯೂನಿಟ್‌ಗೆ 20 ರೂಪಾಯಿ ಆಸುಪಾಸು ಕೊಟ್ರೂ ಕಿಲೋಮೀಟರಿಗೆ ಮೂರು ರೂಪಾಯಿ. ಪೆಟ್ರೋಲ್‌ನಲ್ಲಿ ಇದೇ ಗಾತ್ರದ ಗಾಡಿಗೆ ಅದರ ಎರಡರಷ್ಟು ಬೇಕು. ಯಾರಿಗೆ ಹೆಚ್ಚು ಉಪಯೋಗವೋ ಅವರನ್ನೇ ಬಾಗಿಲಲ್ಲಿ ನಿಲ್ಲಿಸಿದ ಹಾಗಾಗಿದೆ.

ಪ್ರತಿ ಚಾರ್ಜರ್‌ಗೂ ಒಬ್ಬ ಮನುಷ್ಯನನ್ನ ಇಡಿ ಅಂತ ನಾವು ಕೇಳ್ತಾ ಇಲ್ಲ. ದಿನಕ್ಕೆ ನಾಲ್ಕು ಗಾಡಿ ಬರೋ ಕಡೆ ಅದು ಕಟ್ಟುಬಡಿಯಾಗಲ್ಲ ಅಂತ ಗೊತ್ತು. ನಾವು ಕೇಳೋದು ಇಷ್ಟೇ. ಒಂದು, ಆ್ಯಪ್ ಇಲ್ಲದೆ ಯುಪಿಐ ಕ್ಯೂಆರ್ ಸ್ಕ್ಯಾನ್ ಮಾಡಿ ನೇರವಾಗಿ ದುಡ್ಡು ಕೊಡೋ ದಾರಿ ಪ್ರತಿ ಚಾರ್ಜರ್‌ನಲ್ಲೂ ಇರಲಿ. ಎರಡು, ಸ್ಕ್ರೀನಿನಲ್ಲಿ, ಸಹಾಯವಾಣಿಯಲ್ಲಿ ಕನ್ನಡ ಇರಲಿ. ಮೂರು, ಯೂನಿಟ್‌ಗೆ ಎಷ್ಟು ರೂಪಾಯಿ ಅಂತ ಬಂಕಿನ ಥರ ದೊಡ್ಡದಾಗಿ ಬರೆದಿರಲಿ. ನಾಲ್ಕು, ಕೆಟ್ಟಿದ್ರೆ ಕೆಟ್ಟಿದೆ ಅಂತ ಮ್ಯಾಪ್‌ನಲ್ಲಿ ಗೊತ್ತಾಗಲಿ. ಇದರಲ್ಲಿ ಯಾವುದಕ್ಕೂ ಹೊಸ ಸಂಶೋಧನೆ ಬೇಕಿಲ್ಲ. ಎಟಿಎಂನಲ್ಲಿ ಕನ್ನಡ ಬಂದು ಎಷ್ಟೋ ವರ್ಷ ಆಯ್ತು. ಅದೇ ಹೋಟೆಲ್ಲಿನ ಕೌಂಟರ್‌ನಲ್ಲಿದ್ದ ಸೌಂಡ್ ಬಾಕ್ಸ್ ನಾವು ಟೀಗೆ ಕೊಟ್ಟ ದುಡ್ಡನ್ನ ಕನ್ನಡದಲ್ಲೇ ಕೂಗಿ ಹೇಳ್ತು. ಅಂಗೈಯಷ್ಟು ಡಬ್ಬಿಗೆ ಕನ್ನಡ ಬರುತ್ತೆ, ಅಂಗಳದಲ್ಲಿರೋ ಲಕ್ಷಗಟ್ಟಲೆ ಬೆಲೆಯ ಮಷೀನಿಗೆ ಬರಲ್ಲ ಅಂದ್ರೆ, ಕಲಿಸೋ ಮನಸ್ಸು ಯಾರಿಗೂ ಇಲ್ಲ ಅಂತ ತಾನೆ?

ಕರ್ನಾಟಕಕ್ಕೆ ಎಲೆಕ್ಟ್ರಿಕ್ ಕಾರು ಹೊಸದೇನಲ್ಲ. 2001ರಲ್ಲೇ ಬೆಂಗಳೂರಿನಲ್ಲಿ ರೇವಾ ಕಾರು ಬಂತು, ನಮ್ಮಲ್ಲಿ ಯಾರೂ ಆಗ ಹುಟ್ಟೇ ಇರಲಿಲ್ಲ. 2017ರಲ್ಲಿ ಎಲೆಕ್ಟ್ರಿಕ್ ವಾಹನಗಳಿಗೆ ಅಂತಲೇ ನೀತಿ ಮಾಡಿದ ದೇಶದ ಮೊದಲ ರಾಜ್ಯ ನಮ್ಮದು. ಕಾರು ಮಾಡೋದರಲ್ಲಿ, ನೀತಿ ಮಾಡೋದರಲ್ಲಿ ಮೊದಲಿದ್ದವರು ಚಾರ್ಜರ್ ಮುಂದೆ ನಿಂತ ಮನುಷ್ಯನ ಬಗ್ಗೆ ಯೋಚಿಸೋದರಲ್ಲೂ ಮೊದಲಾಗಬಹುದು. ಜಾಗ ಕೊಡುವಾಗ, ಸಬ್ಸಿಡಿ ಕೊಡುವಾಗ ಸರ್ಕಾರ ಈ ನಾಲ್ಕು ಷರತ್ತು ಹಾಕಿದ್ರೆ ಸಾಕು, ಕಂಪನಿಗಳು ತಾವಾಗೇ ಮಾಡ್ತವೆ.

ಸರ್ಕಾರ ಮಾಡೋವರೆಗೆ ನಾವು ಕೈಕಟ್ಟಿ ಕೂರಬೇಕಿಲ್ಲ. ನಮ್ಮ ಕಾಲೇಜಿನಲ್ಲಿ ಪ್ರತಿ ವರ್ಷ ಇವಿ ಮೇಲೆ ಒಂದಲ್ಲ ಒಂದು ಪ್ರಾಜೆಕ್ಟ್ ಆಗುತ್ತೆ. ಮೋಟಾರ್ ಕಂಟ್ರೋಲರ್, ಬ್ಯಾಟರಿ ಮ್ಯಾನೇಜ್‌ಮೆಂಟ್ ಎಲ್ಲಾ ಆಗಿದೆ. ಈ ಸಲ ಯಾರಾದ್ರೂ ಕನ್ನಡದಲ್ಲಿ ಮಾತಾಡೋ, ಯುಪಿಐನಲ್ಲಿ ದುಡ್ಡು ತಗೊಳ್ಳೋ, ಒಸಿಪಿಪಿ ಮೇಲೆ ನಡೆಯೋ ಒಂದು ಸಣ್ಣ ಚಾರ್ಜರ್ ಮಾಡಿ ತೋರಿಸಿ. ಮೂರೂವರೆ ಕಿಲೋವ್ಯಾಟಿನದಾದ್ರೂ ಪರವಾಗಿಲ್ಲ. ಸ್ಕ್ರೀನಿನ ಮೇಲಿನ ಮಾತುಗಳನ್ನ ಬರೆದುಕೊಡೋ ಕೆಲಸ ನಮ್ಮ ಕನ್ನಡ ಸಂಘದ್ದು. "ಸೆಷನ್ ಇನಿಶಿಯೇಟೆಡ್" ಅನ್ನೋದನ್ನ ನಿಘಂಟು ನೋಡಿ ಇನ್ನೂ ಕಷ್ಟ ಮಾಡೋದು ಬೇಡ. "ಚಾರ್ಜ್ ಆಗ್ತಿದೆ", "ಗನ್ ಸರಿಯಾಗಿ ಕೂತಿಲ್ಲ, ಇನ್ನೊಮ್ಮೆ ಹಾಕಿ", "16 ಯೂನಿಟ್ ಆಯ್ತು, 350 ರೂಪಾಯಿ" ಅಂತ ಬರೆದ್ರೆ ಸಾಕು.

ಮಾಡಿದ ಮೇಲೆ ಪರೀಕ್ಷೆ ಮಾಡೋಕೆ ಪ್ರೊಫೆಸರ್‌ಗಳನ್ನ ಮಾತ್ರ ಕರೀಬೇಡಿ. ಕಾಲೇಜ್ ಬಸ್ಸಿನ ಡ್ರೈವರ್ ಅಣ್ಣಂದಿರನ್ನ ಕರೀರಿ. ಯಾರನ್ನೂ ಕೇಳದೆ ಅವರು ಗನ್ ಹಾಕಿ, ದುಡ್ಡು ಕೊಟ್ಟು ಹೋದ್ರೆ ಪ್ರಾಜೆಕ್ಟ್ ಪಾಸ್.