ಬುತ್ತಿ ಕಾರಿನಲ್ಲೂ ಇರಲಿ

ಬೆಂಗಳೂರಿನಿಂದ ಹುಬ್ಬಳ್ಳಿಗೆ ಸುಮಾರು 400 ಕಿಲೋಮೀಟರ್. ಅಷ್ಟು ಹೊತ್ತು ಕಾರಿನಲ್ಲಿ ಕೂತವರನ್ನು ಹಸಿವಿಗಿಂತ ಬಾಯಿಚಪಲವೇ ಹೆಚ್ಚು ಕಾಡುತ್ತದೆ. ಕೈಗೆ ಸಿಗುವುದು ಚಿಪ್ಸ್, ಬಿಸ್ಕತ್ತು, ತಂಪು ಪಾನೀಯ. ದಿನಕ್ಕೆ ಉಪ್ಪು 5 ಗ್ರಾಂಗಿಂತ ಕಡಿಮೆ ಇರಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪೊಟ್ಟಣದ ಕುರುಕಲಿನ ಜೊತೆ ಹೋಟೆಲ್ ಊಟವೂ ಸೇರಿದರೆ ಆ ಮಿತಿ ಸುಲಭವಾಗಿ ದಾಟುತ್ತದೆ. ಉತ್ತರ ಕರ್ನಾಟಕದ ಹಳೆಯ ಬುತ್ತಿಯಲ್ಲಿ ಇದಕ್ಕೆ ಪರಿಹಾರವಿದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಗಳಲ್ಲಿ ನೀರಿನಂಶ ಕಡಿಮೆಯಾದ್ದರಿಂದ ಸೆಕೆಗೂ ಬೇಗ ಕೆಡವು. ನೂರು ಗ್ರಾಂ ಹುರಿಗಡಲೆಯಲ್ಲಿ ಸುಮಾರು 20 ಗ್ರಾಂ ಪ್ರೋಟೀನ್ ಇದೆ, ನಾರೂ ಇದೆ. ಒಂದು ಹಿಡಿ ತಿಂದರೆ ಬಹಳ ಹೊತ್ತು ತಡೆಯುತ್ತದೆ. ಜೊತೆಗೆ ಬಾಳೆಹಣ್ಣು, ಸೀಬೆ, ನೀರಿನ ಬಾಟಲಿ ಸಾಕು. ಚಿತ್ರಾನ್ನ ಕಟ್ಟಿಕೊಂಡರೆ ಬೇಗ ಮುಗಿಸಬೇಕು. ಬೆಂದ ಅನ್ನದಲ್ಲಿ ಬಿಸಿ ವಾತಾವರಣಕ್ಕೆ ಬ್ಯಾಕ್ಟೀರಿಯಾ ಬೆಳೆಯುತ್ತವೆ.

ದಾರಿಯ ತಿಂಡಿಯಿಲ್ಲದೆ ಪ್ರಯಾಣಕ್ಕೇನು ರುಚಿ ಎನ್ನುವವರಿದ್ದಾರೆ. ದಾವಣಗೆರೆಯ ಬೆಣ್ಣೆದೋಸೆಯನ್ನು ಯಾರೂ ಬಿಡಬೇಕಿಲ್ಲ. ಬಿಡಬೇಕಾದದ್ದು ಎರಡು ನಿಲುಗಡೆಗಳ ನಡುವೆ ಗಮನವಿಲ್ಲದೆ ಖಾಲಿಯಾಗುವ ಪೊಟ್ಟಣಗಳನ್ನು. ಬುತ್ತಿಯ ಹೊರೆ ಮತ್ತೆ ಮನೆಯ ಹೆಂಗಸರ ಹೆಗಲಿಗೇ ಬೀಳುತ್ತದೆ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಆದರೆ ಚಿತ್ರಾನ್ನವೊಂದನ್ನು ಬಿಟ್ಟರೆ ಇಲ್ಲಿ ಹೇಳಿದ ಯಾವುದಕ್ಕೂ ಒಲೆ ಹಚ್ಚಬೇಕಿಲ್ಲ: ರೊಟ್ಟಿ, ಚಟ್ನಿಪುಡಿ, ಹುರಿಗಡಲೆ ಎಲ್ಲವೂ ಅಂಗಡಿಯಲ್ಲಿ ಸಿಗುತ್ತವೆ, ಡಬ್ಬಿ ತುಂಬಲು ಯಾರ ಕೈಯಾದರೂ ಆದೀತು. ಒಂದು ಎಚ್ಚರ ಮಾತ್ರ ಬೇಕು: ಇಡೀ ಶೇಂಗಾ, ಕಡಲೆ ಪುಟ್ಟ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳಬಹುದು, ಅವರಿಗೆ ಮೆತ್ತಗಿನ ಹಣ್ಣೇ ಸರಿ. ಪೆಟ್ರೋಲಿಗೆ ಕೊಡುವಷ್ಟು ಯೋಚನೆಯನ್ನು ಹೊಟ್ಟೆಗೂ ಕೊಡೋಣ.