ಅಜ್ಜನ ಕಟ್ಟೆ: ದೋತರದ ಚೀಲದಲ್ಲಿ ಕಾಂಗರೂ ಮರಿ



ಮೂವತ್ತು ವರ್ಷ ಶಾಲೆಯಲ್ಲಿ ‘ಕಾಂಗರೂವಿನ ಹೊಟ್ಟೆಯ ಮೇಲೆ ಚೀಲವಿರುತ್ತದೆ’ ಎಂದು ಪಾಠ ಹೇಳಿದವನು ನಾನು. ಆದರೆ ಆ ಚೀಲದ ಬೆಲೆ ತಿಳಿದದ್ದು ಆಸ್ಟ್ರೇಲಿಯಾದ ಸಿಡ್ನಿಯಲ್ಲಿರುವ ಮಗನ ಮನೆಗೆ ಹೋದಾಗ. ತಿಳಿಸಿದವನು ಒಂಬತ್ತು ವರ್ಷದ ಮೊಮ್ಮಗ.

ಹೋದ ಮರುದಿನವೇ ಅವನು ನನಗೆ ಪರೀಕ್ಷೆ ಇಟ್ಟ. “ಅಜ್ಜಾ, ಕಾಂಗರೂ ಎಷ್ಟ ನಮೂನಿ ಅದಾವ?”

“ಒಂದ,” ಅಂದೆ. ಅವನು ಬಿದ್ದು ಬಿದ್ದು ನಕ್ಕ.

ದೊಡ್ಡ ಕಾಂಗರೂಗಳಲ್ಲೇ ನಾಲ್ಕು ಜಾತಿಗಳಿವೆಯಂತೆ. ಎಲ್ಲಕ್ಕಿಂತ ದೊಡ್ಡದು ಕೆಂಪು ಕಾಂಗರೂ. ಗಂಡು ಸುಮಾರು 90 ಕಿಲೋ ತನಕ ತೂಗುತ್ತದೆ. ಮಳೆ ಕಡಿಮೆ ಇರುವ ದೇಶದ ಒಳನಾಡಿನ ಬಯಲೇ ಅದರ ಮನೆ. ನಮ್ಮ ವಿಜಯಪುರದ ಬಿಸಿಲು ಅದಕ್ಕೆ ಹೊಸದೇನೂ ಅನಿಸಲಿಕ್ಕಿಲ್ಲ! ಪೂರ್ವದ ಬೂದು ಕಾಂಗರೂ ಕ್ವೀನ್ಸ್‌ಲ್ಯಾಂಡ್‌ನಿಂದ ಟಾಸ್ಮೇನಿಯಾದವರೆಗೆ ಹುಲ್ಲು, ಮರ ಎರಡೂ ಇರುವ ಕಡೆ ಇರುತ್ತದೆ. ಪಶ್ಚಿಮದ ಬೂದು ಕಾಂಗರೂ ದಕ್ಷಿಣ ಭಾಗದ್ದು. ನಾಲ್ಕನೆಯದು ಉತ್ತರದ ಬಿಸಿ ಸೀಮೆಯ ಆಂಟಿಲೊಪೈನ್. ಇಂಗ್ಲಿಷಿನಲ್ಲಿ ನಮ್ಮ ಚಿಗರಿಯ ಬಳಗವನ್ನು ಆಂಟಿಲೋಪ್ ಅನ್ನುತ್ತಾರೆ. ಆ ಬಳಗವನ್ನು ನೆನಪಿಸುವ ಪ್ರಾಣಿ ಎಂದು ಇದಕ್ಕೆ ಆ ಹೆಸರು.

ಮರ ಹತ್ತುವ ಕಾಂಗರೂಗಳೂ ಇವೆ. ಅವು ನ್ಯೂಗಿನಿ ದ್ವೀಪದ ಕಾಡುಗಳಲ್ಲಿ, ಕ್ವೀನ್ಸ್‌ಲ್ಯಾಂಡ್‌ನ ಉತ್ತರ ತುದಿಯ ಮಳೆಕಾಡುಗಳಲ್ಲಿ ವಾಸಿಸುತ್ತವೆ.

‘ಕಾಂಗರೂ ಅಂದರೆ ಗೊತ್ತಿಲ್ಲ ಎಂದರ್ಥ’ ಎಂದು ನಾನು ಶಾಲೆಯಲ್ಲಿ ಹೇಳುತ್ತಿದ್ದೆ. ಅದೂ ತಪ್ಪು! 1770ರಲ್ಲಿ ಕ್ಯಾಪ್ಟನ್ ಕುಕ್‌ನ ಹಡಗಿನವರು ಅಲ್ಲಿನ ಮೂಲನಿವಾಸಿಗಳಿಂದ ಕೇಳಿ ಬರೆದುಕೊಂಡ ಪದ ಅದು. ಗೂಗು ಯಿಮಿದಿರ್ ಭಾಷೆಯಲ್ಲಿ ‘ಗಂಗುರು’ ಎಂಬುದು ಒಂದು ಜಾತಿಯ ಕಾಂಗರೂವಿನ ಹೆಸರೇ. ನನ್ನ ಹಳೆಯ ವಿದ್ಯಾರ್ಥಿಗಳು ಯಾರಾದರೂ ಇದನ್ನು ಓದುತ್ತಿದ್ದರೆ ತಿದ್ದಿಕೊಳ್ಳಿರಪ್ಪಾ.

ಒಂದು ದಿನ ನಸುಕಿನಲ್ಲಿ ಕಾರಿನಲ್ಲಿ ಕ್ಯಾನ್‌ಬೆರಾಕ್ಕೆ ಹೊರಟೆವು. ಗೌಲ್‌ಬರ್ನ್ ಊರಿನ ಹತ್ತಿರ ರಸ್ತೆ ಬದಿಗೆ ಒಂದು ಬೂದು ಕಾಂಗರೂ ಸತ್ತು ಬಿದ್ದಿತ್ತು. ರಾತ್ರಿ ಯಾವುದೋ ವಾಹನ ಬಡಿದಿರಬೇಕು.

“ಅಪ್ಪಾ, ಗಾಡಿ ನಿಲ್ಸು!” ಮೊಮ್ಮಗ ಕೂಗಿದ.

“ಸತ್ತದ್ದನ್ನೇನ ನೋಡ್ತಿ? ಹೊತ್ತಾಗೇದ, ನಡೀರಿ,” ಅಂದೆ ನಾನು.

“ಅವ್ವನ ಚೀಲದಾಗ ಮರಿ ಇದ್ರ?”

ನನ್ನ ಬಾಯಿ ಕಟ್ಟಿತು. ಚೀಲದ ಚಿತ್ರ ಎಷ್ಟು ಸಲ ಬರೆದಿದ್ದೆ. ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ.

ಮಗ ರಸ್ತೆಯಿಂದ ದೂರ ಸರಿಸಿ ಗಾಡಿ ನಿಲ್ಲಿಸಿದ. ಮೊಮ್ಮಗನನ್ನು ಒಳಗೇ ಕೂರಿಸಿ ನಾವಿಬ್ಬರೂ ಹೋಗಿ ನೋಡಿದೆವು. ಚೀಲದ ಬಾಯಿಂದ ಕಡ್ಡಿಯಂಥ ಎರಡು ಕಾಲು ಹೊರಗೆ ಕಾಣುತ್ತಿದ್ದವು. ಒಂದು ಅಲುಗಿತು! ನಾನು ಮರಿಯನ್ನು ಎತ್ತಲು ಬಗ್ಗಿದೆ. “ಬ್ಯಾಡ್ರಿ ಅಪ್ಪಾ, ಮೊಲಿ ಕಚ್ಕೊಂಡಿರ್ತದ, ಜಗ್ಗಬಾರ್ದು,” ಎಂದು ಮಗ ತಡೆದು, ವನ್ಯಜೀವಿ ರಕ್ಷಣೆಯವರಿಗೆ ಫೋನು ಮಾಡಿದ.

ಕಾಯುತ್ತಿದ್ದಾಗ ಮೊಮ್ಮಗ ಇನ್ನೊಂದು ಪಾಠ ಹೇಳಿದ. ಕಾಂಗರೂ ಮರಿ ಹುಟ್ಟುವಾಗ ಒಂದು ಶೇಂಗಾ ಕಾಳಿನಷ್ಟೇ ಇರುತ್ತದೆ. ಕಣ್ಣು ಕಾಣದು. ಆದರೂ ತಾಯಿಯ ಕೂದಲು ಹಿಡಿದು ತಾನೇ ತೆವಳಿ ಚೀಲ ಸೇರುತ್ತದೆ. ಬೂದು ಕಾಂಗರೂ ಮರಿಯಾದರೆ ಸುಮಾರು ಹನ್ನೊಂದು ತಿಂಗಳು ಅದೇ ಅದರ ಮನೆ.

ಮುಕ್ಕಾಲು ಗಂಟೆಯಲ್ಲಿ ಒಬ್ಬ ಹೆಣ್ಣುಮಗಳು ಬಂದಳು. ಮರಿಯನ್ನು ನಾಜೂಕಾಗಿ ಬಿಡಿಸಿ, ಬಟ್ಟೆಯ ಚೀಲದೊಳಗಿಟ್ಟು ಎದೆಗೆ ಅವಚಿಕೊಂಡಳು. ನನಗೆ ನಮ್ಮ ಕುರಿಗಾರರು ನೆನಪಾದರು. ಹಾದಿಯಲ್ಲಿ ಈದ ಕುರಿಯ ಮರಿಯನ್ನು ಅವರೂ ಹೀಗೇ ಕಂಬಳಿಯೊಳಗೆ ಇಟ್ಟುಕೊಂಡು ನಡೆಯುತ್ತಾರಲ್ಲ! ಮರಿ ಬದುಕಿದರೆ ದೊಡ್ಡದಾದ ಮೇಲೆ ಕಾಡಿಗೇ ಬಿಡುತ್ತಾರಂತೆ. ಇಂಥ ಮರಿಗಳಿಗೆ ಹತ್ತಿಯ ಚೀಲಗಳು ಎಷ್ಟಿದ್ದರೂ ಸಾಲವು ಎಂದಳು ಆಕೆ.

ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ನನ್ನಾಕೆ ಏನೂ ಮಾತಾಡಲಿಲ್ಲ. ಪೆಟ್ಟಿಗೆ ತೆಗೆದು, ಕನಮಡಿಯಿಂದ ತಂದಿದ್ದ ನನ್ನ ಹಳೆಯ ದೋತರ ಕತ್ತರಿಸಿ, ರಾತ್ರಿ ಕುಳಿತು ಕೈಯಿಂದಲೇ ಆರು ಚೀಲ ಹೊಲಿದಳು. ಹೊಲಿಗೆ ಒಳಗಿದ್ದರೆ ಮರಿಯ ಉಗುರು ಸಿಕ್ಕಿಬೀಳುತ್ತದೆ ಎಂದು ಮೊಮ್ಮಗ ಹೇಳಿದ್ದಕ್ಕೆ ಎಲ್ಲವನ್ನೂ ತಿರುವಿ ಹೊಲಿದಳು.

ನಾವು ಊರಿಗೆ ಮರಳಿದ ಮೇಲೆ ಮಗ ಒಂದು ಫೋಟೋ ಕಳಿಸಿದ. ಅದೇ ಮರಿ! ದೋತರದ ಕೆಂಪು ಅಂಚಿನ ಚೀಲದಿಂದ ಎರಡು ಉದ್ದ ಕಿವಿ ಹೊರಗೆ ಇಣುಕುತ್ತಿದ್ದವು. ಓಣಿಯವರಿಗೆಲ್ಲ ತೋರಿಸಿ ಬಂದಳು ನನ್ನಾಕೆ.

ಮಕ್ಕಳೇ, ಈ ವಾರ ನಿಮ್ಮ ಅಜ್ಜ-ಅಜ್ಜಿಯನ್ನು ಒಂದು ಮಾತು ಕೇಳಿ. ಅವರು ಚಿಕ್ಕವರಿದ್ದಾಗ ತಾಯಿ ಇಲ್ಲದ ಯಾವ ಮರಿಯನ್ನು ಸಾಕಿದ್ದರು? ಹೇಗೆ ಹಾಲು ಕುಡಿಸಿದರು? ಬರೆದು ಕಳಿಸಿ. ಅಜ್ಜಂದಿರೇ, ಮೊಮ್ಮಕ್ಕಳು ‘ಗಾಡಿ ನಿಲ್ಸು’ ಅಂದರೆ, ನನ್ನಂತೆ ಹೊತ್ತಾಯಿತು ಅನ್ನಬೇಡಿ.