ಹಣ ಯಾರಿಗೆ ಸೇರಬೇಕು?

ಸ್ಕಾಟ್ಲೆಂಡಿನ ಡಂಡಿ ಪಟ್ಟಣದಲ್ಲಿ ಲಾ ಎಂಬ ಗುಡ್ಡವಿದೆ. ಅದರ ನೆತ್ತಿಯ ಮೇಲೆ ಯುದ್ಧಸ್ಮಾರಕ. ವರ್ಷದಲ್ಲಿ ಕೆಲವೇ ದಿನ ಅಲ್ಲಿ ದೀಪ ಹೊತ್ತಿಸುತ್ತಾರೆ. ಮಹಾಯುದ್ಧ ಮುಗಿದ ನವೆಂಬರ್ 11 ಅವುಗಳಲ್ಲೊಂದು. ಅದು ಎಲ್ಲ ಊರುಗಳಿಗೂ ಸೇರಿದ ದಿನ. ಸೆಪ್ಟೆಂಬರ್ 25ರಂದು ಹೊತ್ತಿಸುವುದು ಡಂಡಿಯ ಸ್ವಂತ ಲೆಕ್ಕಕ್ಕೆ. 1915ರಲ್ಲಿ ಆ ದಿನ ಫ್ರಾನ್ಸಿನ ಲೂಸ್ ಕಾಳಗ ಶುರುವಾಯಿತು. ಬ್ಲ್ಯಾಕ್ ವಾಚ್ ರೆಜಿಮೆಂಟಿನ 4ನೇ ಬೆಟಾಲಿಯನ್ನನ್ನು ಊರಿನವರು ‘ನಮ್ಮ ಡಂಡಿಯದು’ ಎಂದೇ ಕರೆಯುತ್ತಿದ್ದರು. ಅದರ 20 ಅಧಿಕಾರಿಗಳಲ್ಲಿ 19 ಮಂದಿ ಅವತ್ತು ಸತ್ತರು ಇಲ್ಲವೆ ಗಾಯಗೊಂಡರು. ಸಿಪಾಯಿಗಳಲ್ಲೂ ಅರ್ಧಕ್ಕಿಂತ ಹೆಚ್ಚು ಜನರದು ಅದೇ ಗತಿ. ದಳಪತಿ ಹ್ಯಾರಿ ವಾಕರ್ ಕೂಡ ಉಳಿಯಲಿಲ್ಲ. ಒಂದೇ ಬೀದಿಯವರು, ಒಂದೇ ಸೆಣಬಿನ ಗಿರಣಿಯವರು, ಒಂದೇ ಪತ್ರಿಕಾ ಕಚೇರಿಯವರು ಒಟ್ಟಿಗೆ ಸೇರಿ ಹೋಗಿದ್ದ ದಳವಾದ್ದರಿಂದ ಸಾವಿನ ಸುದ್ದಿಯೂ ಒಟ್ಟಿಗೇ ಊರಿಗೆ ಬಂತು.

ಇಂಥ ಸಿಪಾಯಿಯೊಬ್ಬನ ಹೆಸರು, ನಂಬರು, ದಳ, ಸತ್ತ ದಿನ ಇವತ್ತು ಯಾರಿಗೆ ಬೇಕಾದರೂ ಸಿಗುತ್ತವೆ. ಎಡಿನ್‌ಬರೊ ಕೋಟೆಯಲ್ಲಿ 1927ರಲ್ಲಿ ತೆರೆದ ರಾಷ್ಟ್ರೀಯ ಸ್ಮಾರಕದ ಗೌರವಪಟ್ಟಿಗಳಲ್ಲಿ ಅವನ ಹೆಸರಿರುತ್ತದೆ. ಆದರೆ ಅವನು ಯಾರು? ಯಾವ ಮನೆಯಲ್ಲಿ ಬೆಳೆದ, ಯಾರನ್ನು ಸಾಕುತ್ತಿದ್ದ, ಯಾರು ಅವನ ದಾರಿ ಕಾಯುತ್ತಿದ್ದರು? ಗೌರವಪಟ್ಟಿ ಇದಕ್ಕೆ ಬಾಯಿ ಬಿಡುವುದಿಲ್ಲ. ಸ್ಕಾಟಿಷ್ ಸಿಪಾಯಿಗಳ ಖಾಸಗಿ ಬದುಕನ್ನು ಹುಡುಕುವವರು ಬಹಳ ಬೇಗ ಒಂದು ಸತ್ಯಕ್ಕೆ ಬಂದು ಮುಟ್ಟುತ್ತಾರೆ: ಸತ್ತವನ ಬಗ್ಗೆ ಹೆಚ್ಚು ಹೇಳುವುದು ಅವನನ್ನು ಹೊಗಳಲು ಬರೆದ ಕಾಗದವಲ್ಲ, ಅವನ ಹಣ ಯಾರಿಗೆ ಸೇರಬೇಕು ಎಂದು ತೀರ್ಮಾನಿಸಲು ಬರೆದ ಕಾಗದ.

ಸೈನ್ಯದ ಸೇವಾಕಡತಗಳಿದ್ದರೆ ಇಷ್ಟು ಸುತ್ತು ಬೇಕಿರಲಿಲ್ಲ. 1940ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಆರ್ನ್‌ಸೈಡ್ ಬೀದಿಯ ದಾಸ್ತಾನು ಕಟ್ಟಡದ ಮೇಲೆ ಜರ್ಮನರ ಬಾಂಬು ಬಿತ್ತು. ಮೊದಲ ಮಹಾಯುದ್ಧದ ಸಿಪಾಯಿಗಳ ಕಡತಗಳಲ್ಲಿ ನೂರಕ್ಕೆ ಸುಮಾರು 60 ಪಾಲು ಸುಟ್ಟುಹೋದವು. ಉಳಿದವುಗಳ ಅಂಚು ಕರಕಲು, ಅಕ್ಷರ ನೀರಿನಲ್ಲಿ ನೆನೆದದ್ದು. ಪತ್ರಾಗಾರದವರು ಅವನ್ನು ಇಂದಿಗೂ ‘ಸುಟ್ಟ ಕಡತಗಳು’ ಎಂದೇ ಕರೆಯುತ್ತಾರೆ. ಒಂದು ಯುದ್ಧದಲ್ಲಿ ಸತ್ತವರ ಚರಿತ್ರೆಯನ್ನು ಇನ್ನೊಂದು ಯುದ್ಧ ತಿಂದುಹಾಕಿತು. ಬೇರೆ ಕಟ್ಟಡಗಳಲ್ಲಿ, ಬೇರೆ ಇಲಾಖೆಗಳ ಕಪಾಟುಗಳಲ್ಲಿ ಬಿದ್ದಿದ್ದ ಲೆಕ್ಕದ ಪುಸ್ತಕಗಳು ಮಾತ್ರ ಉಳಿದುಕೊಂಡವು.

ಅವುಗಳಲ್ಲಿ ಮೊದಲನೆಯದು ಉಯಿಲು. ಸಿಪಾಯಿಯ ಸಂಬಳದ ಪುಸ್ತಕ ಅಂಗಿಯ ಜೇಬಿನಲ್ಲಿ ಹಿಡಿಸುವಷ್ಟು ಚಿಕ್ಕದು. ಅದರಲ್ಲೊಂದು ಪುಟ ಉಯಿಲಿಗೆಂದೇ ಮೀಸಲು. ಆಸ್ತಿಯೆಂಬುದೇ ಇಲ್ಲದ ಹುಡುಗ ಪೆನ್ಸಿಲಿನಲ್ಲಿ ಎರಡು ಸಾಲು ಗೀಚಿ ರುಜು ಹಾಕುತ್ತಿದ್ದ. ನಾನು ಸತ್ತರೆ ನನ್ನದೆಲ್ಲ ಇಂಥವರಿಗೆ ಸೇರಲಿ, ಅಷ್ಟೆ. ಸ್ಕಾಟ್ಲೆಂಡಿನ ರಾಷ್ಟ್ರೀಯ ದಾಖಲೆ ಕಚೇರಿಯಲ್ಲಿ ಇಂಥ ಸುಮಾರು 31,000 ಉಯಿಲುಗಳಿವೆ. ಅವುಗಳಲ್ಲಿ ಸುಮಾರು 26,000 ಮೊದಲ ಮಹಾಯುದ್ಧದವು. ಬಹುಪಾಲು ಸಾಮಾನ್ಯ ಸಿಪಾಯಿಗಳದೇ. ಶ್ರೀಮಂತರ ಉಯಿಲು ಜಗತ್ತಿನ ಯಾವ ಕೋರ್ಟಿನಲ್ಲಾದರೂ ಸಿಕ್ಕೀತು. ಗಿರಣಿ ಕಾರ್ಮಿಕ, ಗಣಿಯಾಳು, ಕುರಿಗಾಹಿಗಳ ಉಯಿಲುಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಉಳಿದಿರುವುದು ಅಪರೂಪ. ಹೆಚ್ಚಿನವರು ತಾಯಿಯ ಹೆಸರು ಬರೆದಿದ್ದಾರೆ, ಮದುವೆಯಾದವರು ಹೆಂಡತಿಯ ಹೆಸರು. ನಡುನಡುವೆ ಬೇರೆ ಮನೆತನದ ಹೆಣ್ಣಿನ ಹೆಸರೊಂದು, ಬೇರೆ ಬೀದಿಯ ವಿಳಾಸವೊಂದು ತಲೆಯೆತ್ತುತ್ತದೆ. ಮನೆಯವರಿಗೆ ಅದು ಗೊತ್ತಿತ್ತೋ ಇಲ್ಲವೋ, ಸೈನ್ಯಕ್ಕೆ ಗೊತ್ತಿತ್ತು.

ಎರಡನೆಯದು ಸತ್ತವರ ಬಾಕಿಯ ಪುಸ್ತಕ. ಕೊಡಬೇಕಾದ ಸಂಬಳ ಎಷ್ಟು, ಅದು ಯಾರ ಕೈಗೆ ಹೋಯಿತು, ತಾಯಿಗೋ, ಅಕ್ಕತಂಗಿಯರಲ್ಲಿ ಪಾಲಾಗಿಯೋ, ಎಲ್ಲ ಅಲ್ಲಿದೆ. ಯುದ್ಧ ಮುಗಿದ ಮೇಲೆ ಕೊಟ್ಟ ಇನಾಮಿನ ಹಣವನ್ನೂ ಅದರಲ್ಲೇ ಬರೆದರು. ಈ ಇನಾಮು ಸೇವೆಯ ತಿಂಗಳುಗಳ ಲೆಕ್ಕದಲ್ಲಿ ಏರುತ್ತಿತ್ತು. ಹಾಗಾಗಿ ಸಂಶೋಧಕರು ಮೊತ್ತದಿಂದ ಹಿಂದಕ್ಕೆ ಲೆಕ್ಕ ಹಾಕಿ, ಕಡತವೇ ಸುಟ್ಟುಹೋದ ಹುಡುಗ ಸೈನ್ಯಕ್ಕೆ ಸೇರಿದ್ದು ಯಾವ ತಿಂಗಳೆಂದು ಅಂದಾಜು ಮಾಡುತ್ತಾರೆ. ಗುಮಾಸ್ತ ಕಟ್ಟಿದ ಲೆಕ್ಕ ನೂರು ವರ್ಷದ ನಂತರ ಜೀವನಚರಿತ್ರೆಯಾಗುತ್ತದೆ.

ಮೂರನೆಯದು ಪಿಂಚಣಿ ಕಾರ್ಡುಗಳು. ಅರವತ್ತು ಲಕ್ಷಕ್ಕೂ ಮೀರಿದ ಈ ಕಾರ್ಡುಗಳು ನಾಶವಾಗುವುದರಲ್ಲಿದ್ದಾಗ, 2012ರಲ್ಲಿ ವೆಸ್ಟರ್ನ್ ಫ್ರಂಟ್ ಅಸೋಸಿಯೇಷನ್ ಎಂಬ ಆಸಕ್ತರ ಸಂಘ ಅವನ್ನು ಉಳಿಸಿಕೊಂಡಿತು. ಹೆಂಡತಿಯ ಹೆಸರು, ಮಕ್ಕಳು ಹುಟ್ಟಿದ ದಿನ, ವಿಧವೆ ಮರುಮದುವೆಯಾದರೆ ಆ ತಾರೀಖು (ಯಾಕೆಂದರೆ ಅಲ್ಲಿಗೆ ಪಿಂಚಣಿ ನಿಲ್ಲುತ್ತಿತ್ತು), ಎಲ್ಲ ಅದರಲ್ಲಿ ಬರುತ್ತವೆ. ಮಗನನ್ನು ಕಳೆದುಕೊಂಡ ತಾಯಿ ಪಿಂಚಣಿ ಕೇಳಿದರೆ, ಯುದ್ಧಕ್ಕೆ ಮೊದಲು ಅವನು ಮನೆಗೆ ಎಷ್ಟು ಕೊಡುತ್ತಿದ್ದ ಎಂದು ಕಚೇರಿ ವಿಚಾರಿಸುತ್ತಿತ್ತು. ಮದುವೆಯಾಗದೆ ಸಿಪಾಯಿಯ ಜೊತೆ ಸಂಸಾರ ಮಾಡಿದ ಹೆಣ್ಣಿಗೂ ಸರ್ಕಾರ ಭತ್ಯೆ ಕೊಟ್ಟಿತು. ಚರ್ಚು ಒಪ್ಪದ ಸಂಸಾರವನ್ನು ಖಜಾನೆ ಒಪ್ಪಿಕೊಂಡಿತು! ಹಾಗೆಂದು ಖಜಾನೆಯನ್ನು ಕರುಣಾಳು ಎನ್ನುವಂತಿಲ್ಲ. ವಿಧವೆಯ ‘ನಡತೆ’ ಕೆಟ್ಟಿತೆಂದು ಯಾರಾದರೂ ದೂರಿದರೆ ಪಿಂಚಣಿ ಕಿತ್ತುಕೊಳ್ಳುವ ಅಧಿಕಾರವೂ ಅದಕ್ಕಿತ್ತು. ಇಂದು ನಮಗೆ ಸಿಗುವ ವಿವರಗಳಲ್ಲಿ ಎಷ್ಟೋ ಹೀಗೆ ಬಡವರ ಮನೆಯೊಳಗೆ ಇಣುಕಿ ಬರೆದುಕೊಂಡವು.

ಇವುಗಳ ಪಕ್ಕದಲ್ಲಿ ಹೊಗಳಿಕೆಯ ಕಾಗದಗಳನ್ನು ಇಟ್ಟು ನೋಡಬೇಕು. ಸತ್ತ ಸಿಪಾಯಿಯ ಮನೆಗೆ ಅವನ ಅಧಿಕಾರಿ ಬರೆಯುತ್ತಿದ್ದ ಪತ್ರಗಳು ಊರಿನ ಪತ್ರಿಕೆಗಳಲ್ಲಿ ಫೋಟೊ ಸಮೇತ ಅಚ್ಚಾಗುತ್ತಿದ್ದವು. ಎಲ್ಲದರಲ್ಲೂ ಹುಡುಗ ಧೈರ್ಯವಂತ, ಎಲ್ಲರ ಅಚ್ಚುಮೆಚ್ಚು, ಕ್ಷಣಮಾತ್ರದಲ್ಲಿ ನೋವಿಲ್ಲದೆ ಪ್ರಾಣ ಬಿಟ್ಟವನು. ಶೆಲ್ ದಾಳಿಯಲ್ಲಿ ಅಷ್ಟೊಂದು ಜನ ನೋವಿಲ್ಲದೆ ಸಾಯುವುದಿಲ್ಲ. ಬರೆದವರ ಮೇಲೆ ತಪ್ಪು ಹೊರಿಸಲಾಗದು. ಇಪ್ಪತ್ತು ಇಪ್ಪತ್ತೆರಡರ ಹುಡುಗರೇ ಅವರೂ, ತಾಯಂದಿರಿಗೆ ಇನ್ನೇನು ಬರೆದಾರು? ಆದರೆ ಆ ಪತ್ರಗಳಲ್ಲಿ ಹೆಸರು ಬದಲಿಸಿದರೂ ವಾಕ್ಯ ಬದಲಾಗುವುದಿಲ್ಲ. ಬಾಕಿಯ ಪುಸ್ತಕದಲ್ಲಿ ಒಬ್ಬನ ಸಾಲು ಇನ್ನೊಬ್ಬನಿಗೆ ಹೊಂದುವುದಿಲ್ಲ.

ಮನೆಯವರ ಮಾತಿಗೂ ಅಳತೆಯಿತ್ತು. ಹೆಣಗಳನ್ನು ಊರಿಗೆ ತರಬಾರದೆಂದು ಸರ್ಕಾರ ನಿಶ್ಚಯಿಸಿತ್ತು. ಸಮಾಧಿಗಲ್ಲಿನ ಮೇಲೆ ಮನೆಯವರು ತಮ್ಮದೊಂದು ಸಾಲು ಕೆತ್ತಿಸಬಹುದಿತ್ತು, 66 ಅಕ್ಷರ ಮೀರದಂತೆ. ಮೊದಮೊದಲು ಅಕ್ಷರಕ್ಕೆ ಮೂರೂವರೆ ಪೆನ್ನಿ ದರ. ಲೂಸ್‌ನಲ್ಲಿ ಸತ್ತ ಬಹಳಷ್ಟು ಜನರಿಗೆ ಸಮಾಧಿಯೇ ಇಲ್ಲದ್ದರಿಂದ ಆ ಸಾಲಿನ ಪ್ರಶ್ನೆಯೂ ಬರಲಿಲ್ಲ. ಅಲ್ಲಿನ ಸ್ಮಾರಕದ ಗೋಡೆಗಳ ಮೇಲೆ ಇಂಥ 20,000ಕ್ಕೂ ಹೆಚ್ಚು ಬರೀ ಹೆಸರುಗಳಿವೆ.

ಗೋಡೆಯಿಂದ ಹಿಂದಕ್ಕೆ ಮನೆಗೆ ಹೋಗಲು ಸ್ಕಾಟ್ಲೆಂಡಿನವರಿಗೆ ಒಳ್ಳೆಯ ದಾರಿಯಿದೆ. 1855ರಿಂದ ಶುರುವಾದ ಅಲ್ಲಿನ ಜನನ ನೋಂದಣಿಯಲ್ಲಿ ತಾಯಿಯ ತವರು ಮನೆತನ, ಸಾಮಾನ್ಯವಾಗಿ ತಂದೆತಾಯಿ ಮದುವೆಯಾದ ದಿನ ಮತ್ತು ಊರು, ಮಗು ಹುಟ್ಟಿದ ಗಂಟೆ ನಿಮಿಷ ಸಹ ಇರುತ್ತವೆ. ನಮ್ಮಲ್ಲಿ ಜಾತಕ ಬರೆಸಲು ಗುರುತು ಹಾಕಿಕೊಳ್ಳುವಷ್ಟೇ ನಿಖರ. ಅದೇ ಹುಡುಗ ಕಾಳಗದಲ್ಲಿ ಕಾಣೆಯಾದರೆ ಸೈನ್ಯ ಬರೆದದ್ದು ‘ಆ ದಿನ ಅಥವಾ ಅದಾದ ಮೇಲೆ’ ಸತ್ತ ಎಂದು. ಜನಗಣತಿಯಲ್ಲಿ ಇನ್ನೊಂದು ವಿಚಿತ್ರ ಪ್ರಶ್ನೆಯಿತ್ತು: ಮನೆಯಲ್ಲಿ ಕಿಟಕಿಯಿರುವ ಕೋಣೆಗಳೆಷ್ಟು? 1911ರಲ್ಲಿ ಸ್ಕಾಟ್ಲೆಂಡಿನ ಹೆಚ್ಚುಕಡಿಮೆ ಅರ್ಧದಷ್ಟು ಜನ ಒಂದು ಅಥವಾ ಎರಡು ಕೋಣೆಯ ಮನೆಗಳಲ್ಲಿದ್ದರು. ಎಷ್ಟು ಮಕ್ಕಳನ್ನು ಹೆತ್ತಿರಿ, ಎಷ್ಟು ಉಳಿದಿವೆ ಎಂದೂ ಮದುವೆಯಾದ ಹೆಂಗಸರನ್ನು ಆ ವರ್ಷ ಕೇಳಿದರು. ಡಂಡಿಯ ಗಿರಣಿಗಳಲ್ಲಿ ದುಡಿಯುವವರು ಹೆಚ್ಚಾಗಿ ಹೆಂಗಸರು. ಕೆಲಸವಿಲ್ಲದೆ ಮನೆಯಲ್ಲಿ ಉಳಿದ ಗಂಡಸರನ್ನು ‘ಚಹಾ ಕಾಸುವವರು’ ಎಂದು ಊರು ಹಂಗಿಸುತ್ತಿತ್ತು. ಅಂಥ ಊರಿನ ಯುವಕನೊಬ್ಬ ಸೈನ್ಯಕ್ಕೆ ಸೇರಿದ್ದರ ಹಿಂದೆ ದೇಶಭಕ್ತಿಯ ಜೊತೆ ಇನ್ನೂ ಏನೇನಿದ್ದಿರಬಹುದು ಎಂಬುದನ್ನು ಈ ಅಂಕಿಗಳು ಸೂಚಿಸುತ್ತವೆ.

ಡಂಡಿಯ ಆ ಬೆಟಾಲಿಯನ್ ಲೂಸ್ ಕಾಳಗದ ದಿನ ಇದ್ದದ್ದು ಭಾರತೀಯ ಸೇನೆಯ ಮೀರತ್ ಡಿವಿಷನ್ನಿನಲ್ಲಿ, ಪಂಜಾಬಿ ಪಲ್ಟಣಗಳ ಜೊತೆ. ಬಂಗಾಳದ ಸೆಣಬು ಡಂಡಿಯಲ್ಲಿ ಗೋಣಿಯಾಗಿ, ಮರಳಚೀಲವಾಗಿ ಕಂದಕಗಳಿಗೆ ಬರುತ್ತಿದ್ದ ಕಾಲ ಅದು. ಪಕ್ಕದಲ್ಲೇ ಸತ್ತ ಪಂಜಾಬಿಯ ಮನೆಯ ಕಥೆಯನ್ನು ಹುಡುಕಹೊರಟರೆ ದಾರಿ ಬೇಗ ಕಿರಿದಾಗುತ್ತದೆ. ಪಂಜಾಬಿನ ಹಳ್ಳಿಹಳ್ಳಿಯಿಂದ ಹೋದ ಸುಮಾರು 3,20,000 ಜನರ ಹೆಸರಿನ ದಫ್ತರುಗಳು ಲಾಹೋರ್ ವಸ್ತುಸಂಗ್ರಹಾಲಯದಲ್ಲಿ ಬಿದ್ದಿದ್ದು, ಸಾರ್ವಜನಿಕರಿಗೆ ತೆರೆಯತೊಡಗಿದ್ದು 2021ರಲ್ಲಿ. ಭಾರತೀಯ ಸಿಪಾಯಿಗಳ ಸ್ವಂತ ದನಿ ಉಳಿದದ್ದು ಇನ್ನೊಂದು ಕಾರಣಕ್ಕೆ: ಅವರ ಪತ್ರಗಳನ್ನು ಸೆನ್ಸಾರ್ ಅಧಿಕಾರಿಗಳು ಒಡೆದು ಓದಿ, ಅನುವಾದಿಸಿ ವರದಿ ಮಾಡುತ್ತಿದ್ದರು. ಸ್ಕಾಟ್ ಸಿಪಾಯಿಯ ಬದುಕನ್ನು ಸರ್ಕಾರದ ಸಾಲ ಉಳಿಸಿತು. ಭಾರತೀಯನ ಮಾತನ್ನು ಸರ್ಕಾರದ ಸಂಶಯ ಉಳಿಸಿತು.

ಸಾಲವೂ ಇಲ್ಲ, ಸಂಶಯವೂ ಇಲ್ಲ ಎಂದಾದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ನಮ್ಮ ಶ್ರೀರಂಗಪಟ್ಟಣದಲ್ಲೇ ಇದೆ. 1799ರ ಮೇ 4ರಂದು ಕೋಟೆಗೆ ಲಗ್ಗೆ ಹಾಕಿದ ಪಡೆಯ ನಾಯಕ ಡೇವಿಡ್ ಬೇರ್ಡ್ ಸ್ಕಾಟ್ಲೆಂಡಿನವನು. ಆ ಪಡೆಯಲ್ಲಿ 73 ಮತ್ತು 74ನೇ ಹೈಲ್ಯಾಂಡ್ ರೆಜಿಮೆಂಟುಗಳ ಜನರಿದ್ದರು. ಮೈಸೂರು ಸರ್ಕಾರ 1907ರಲ್ಲಿ ಅಲ್ಲಿ ನಿಲ್ಲಿಸಿದ ಸ್ತಂಭ ಆ ಮುತ್ತಿಗೆಯ ನೆನಪಿಗೆ, ಸತ್ತ ಬ್ರಿಟಿಷ್ ಅಧಿಕಾರಿಗಳ ನೆನಪಿಗೆ. ಕಾವೇರಿ ದಾಟುವಾಗ ಬಿದ್ದ ಸಾಮಾನ್ಯ ಹೈಲ್ಯಾಂಡರ್ ಅಲ್ಲಿಲ್ಲ, ಗೋಡೆ ಕಾಯುತ್ತ ಸತ್ತ ಟಿಪ್ಪುವಿನ ಸಿಪಾಯಿಯೂ ಇಲ್ಲ. ಸಾಮಾನ್ಯನ ಹೆಸರನ್ನು ಬಿಡದೆ ಬರೆದಿಡಬೇಕೆಂಬ ಹಟ ಬ್ರಿಟನ್ನಿನ ಸರ್ಕಾರಕ್ಕೆ ಹುಟ್ಟಲು ಇನ್ನೂ ನೂರು ವರ್ಷ ಹಿಡಿಯಿತು.

ಆದ್ದರಿಂದ ಇವತ್ತಿನ ಸಂಶೋಧಕ ಲೆಕ್ಕದ ಪುಸ್ತಕಗಳನ್ನು ತುಚ್ಛವಾಗಿ ಕಾಣುವಂತಿಲ್ಲ, ಅವು ಹೇಳಿದ್ದಕ್ಕಿಂತ ಹೆಚ್ಚನ್ನು ಕೇಳಿಸಿಕೊಳ್ಳುವಂತೆಯೂ ಇಲ್ಲ. ಉಯಿಲಿನಲ್ಲಿ ತಾಯಿಯ ಹೆಸರು ಕಂಡ ಕೂಡಲೆ, ಅವನಿಗೆ ತಾಯಿಯೆಂದರೆ ಪ್ರಾಣವಾಗಿತ್ತು ಎಂದು ಬರೆಯಲು ಕೈ ತುಡಿಯುತ್ತದೆ. ಇದ್ದರೂ ಇದ್ದೀತು. ಸಾರ್ಜೆಂಟ್ ಹೇಳಿಕೊಟ್ಟ ಮಾದರಿಯನ್ನು ಸಾಲಿನಲ್ಲಿ ಕೂತವರೆಲ್ಲ ನಕಲು ಮಾಡಿದ್ದರೂ ಮಾಡಿರಬಹುದು. ಅಥವಾ ಮದುವೆಯಾಗದ ಹುಡುಗನಿಗೆ ಬರೆಯಲು ಬೇರೆ ಹೆಸರೇ ಇರಲಿಲ್ಲ. ಬೇರೆ ಬೀದಿಯ ಆ ಹೆಣ್ಣು ಪ್ರೇಯಸಿಯೋ, ಸಾಕಿದ ಚಿಕ್ಕಮ್ಮನೋ, ಬಾಡಿಗೆ ಬಾಕಿಯಿದ್ದ ಮನೆಯೊಡತಿಯೋ? ಹಣ ಯಾರಿಗೆ ಎಂದು ಕಾಗದ ಹೇಳಿತು. ಯಾಕೆ ಎಂದು ಗುಮಾಸ್ತ ಕೇಳಲಿಲ್ಲ, ಸಿಪಾಯಿ ಬರೆಯಲಿಲ್ಲ. ಆ ‘ಯಾಕೆ’ಯನ್ನು ನಾವೇ ತುಂಬಿಬಿಟ್ಟರೆ, ನೋವಿಲ್ಲದ ಸಾವಿನ ಬಗ್ಗೆ ಅಧಿಕಾರಿಗಳು ಬರೆದ ಪತ್ರಗಳ ಸಾಲಿಗೆ ಇನ್ನೊಂದನ್ನು ಸೇರಿಸಿದಂತಾಗುತ್ತದೆ, ಅದೂ ಯಾವ ತಾಯಿಯನ್ನೂ ಸಮಾಧಾನ ಮಾಡಬೇಕಾದ ಅಗತ್ಯವಿಲ್ಲದ ಹೊತ್ತಿನಲ್ಲಿ.